ಆಲ್ಪ್ಸಿಗೆ ಹಾಸಿದ ಕಂಬಳಿ

ಆಲ್ಪ್ಸ್ ಪರ್ವತಕ್ಕೆ ಹೋಗಿ ಹಿಮದ ಮೇಲೆ ಸ್ಕೀ ಮಾಡೋಣ ಎಂದು ನಾವು ನಾಲ್ವರು ಮಾತಾಡತೊಡಗಿ ಇದು ನಾಲ್ಕನೆಯ ಚಳಿಗಾಲ. ಇನ್ನೂ ಚಳ್ಳಕೆರೆ–ಮೊಳಕಾಲ್ಮುರು ಬಸ್ಸಿನಲ್ಲೇ ಇದ್ದೇವೆ.

ನಾಲ್ವರು ಯಾರೆಂದು ಮೊದಲೇ ಹೇಳಿಬಿಡುತ್ತೇನೆ. ನಾನು ಮೊಳಕಾಲ್ಮುರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು, ಮನೆ ಚಳ್ಳಕೆರೆಯಲ್ಲಿ. ನನ್ನ ಪಕ್ಕದ ಸೀಟಿನವಳು ಚಿಕ್ಕಂದಿನ ಗೆಳತಿ, ಟೈಲರು. ರೇಷ್ಮೆ ಸೀರೆ ಅಂಗಡಿಗಳಿಂದ ಬ್ಲೌಸ್ ಕೆಲಸ ತರಲು ವಾರಕ್ಕೆ ಮೂರು ದಿನ ಜೊತೆಯಾಗುತ್ತಾಳೆ. ಬಿ.ಜಿ. ಕೆರೆಯಲ್ಲಿ ಹತ್ತುವವರು ನಮ್ಮದೇ ಶಾಲೆಯ ವಿಜ್ಞಾನದ ಮೇಷ್ಟ್ರು. ಮನೆಮಾತು ತೆಲುಗು, ಪಾಠ ಕನ್ನಡದಲ್ಲಿ, ಸಿಟ್ಟು ಎರಡರಲ್ಲೂ. ನಾಲ್ಕನೆಯವನು ಆ ಬಸ್ಸಿನ ಕಂಡಕ್ಟರು, ನನ್ನಿವಾಳದವನು. ನನ್ನನ್ನು ಅಕ್ಕ ಎನ್ನುತ್ತಾನೆ.

ಶುರುವಾದದ್ದು ಮೇಷ್ಟ್ರ ಮೊಬೈಲಿನಿಂದ. ಒಂದು ಬೆಳಿಗ್ಗೆ ಬಿ.ಜಿ. ಕೆರೆಯಲ್ಲಿ ಹತ್ತಿದವರೇ ಅವರು ತೋರಿಸಿದ ವಿಡಿಯೊ ನೋಡಿದೆವು. ಬೆಳ್ಳಗೆ ತಲೆ ನರೆತ ಹೆಂಗಸೊಬ್ಬಳು ಕಾಲಿಗೆ ಎರಡು ಪಟ್ಟಿ ಕಟ್ಟಿಕೊಂಡು, ಬೆಟ್ಟದ ನೆತ್ತಿಯಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಂಟ ಬಳುಕಿಸುತ್ತ ಇಳಿದು ಬಂದಳು. ಇಳಿದವಳೇ ಕ್ಯಾಮೆರಾದ ಕಡೆ ನೋಡಿ ನಕ್ಕಳು.

"ನಿನಗಿಂತ ಹತ್ತು ವರ್ಷ ದೊಡ್ಡೋಳು ಕಣೇ," ಎಂದಳು ಟೈಲರು.

ಮೂವತ್ತು ವರ್ಷದಿಂದ ಸೀಟಿ ಊದಿ ಮಕ್ಕಳನ್ನು ಓಡಿಸಿದವಳು ನಾನು. ಆ ಹೆಂಗಸು ಓಡದೆಯೇ ಓಡುತ್ತಿದ್ದಳು. ಸಾಯುವುದರೊಳಗೆ ಒಂದೇ ಒಂದು ಸಲ ಹಾಗೆ ಇಳಿಯಬೇಕು ಎಂದೆ. "ನಾನೂ ಬರ್ತೀನಿ" ಎಂದು ಮೂವರೂ ಒಟ್ಟಿಗೆ ಹೇಳಿದರು. ಯಾರೂ ನಗಲಿಲ್ಲ, ಆ ದಿನ.

ತಪ್ಪು ಮಾಡಿದ್ದು ಆಮೇಲೆ, ಮಾಡಿದವಳು ನಾನೇ. ನಮ್ಮದು ಕುರಿ ಕಾಯುತ್ತಿದ್ದ ಮನೆ. ಕುರಿಗಳನ್ನು ಯಾವ ದಿಕ್ಕಿಗೆ ಹೊಡೆದುಕೊಂಡು ಹೋಗಬೇಕು ಎಂದು ತೀರ್ಮಾನಿಸುವಾಗ ಅಪ್ಪ, ದೊಡ್ಡಪ್ಪಂದಿರು ಕರಿ ಕಂಬಳಿ ಹಾಸಿ ಕೂರುತ್ತಿದ್ದರು. ಕೂತವರೆಲ್ಲ ಹೂಂ ಅಂದ ಮೇಲೆಯೇ ಕಂಬಳಿ ಮಡಚುವುದು. ಒಬ್ಬ ಅನ್ನದಿದ್ದರೆ ಅದು ಹಾಸಿದ ಹಾಗೇ ಇರಬೇಕು. ಅದರ ಮೇಲೆ ಆಡಿದ ಮಾತು ಬದಲಾಗಬೇಕಾದರೆ ಅದೇ ಜನ ಮತ್ತೆ ಅದರ ಮೇಲೆ ಕೂತು ಮತ್ತೆ ಹೂಂ ಅನ್ನಬೇಕು. ಅವ್ವ ಈಗ ನನ್ನ ಜೊತೆಗಿದ್ದಾಳೆ, ಕಂಬಳಿಯೂ ಇದೆ. ಆಲ್ಪ್ಸಿನ ಮಾತಿಗೆ ಗಟ್ಟಿತನ ಬರಲಿ ಎಂದು ಮೂವರನ್ನೂ ಮನೆಗೆ ಕರೆದು ಕೂರಿಸಿದೆ. ಸ್ನೇಹದ ಹುಮ್ಮಸ್ಸಿನಲ್ಲಿ ನಾನೇ ಹೇಳಿದೆ, "ಹೋದ್ರೆ ನಾಲ್ಕೂ ಜನ, ಇಲ್ಲಾಂದ್ರೆ ಯಾರೂ ಇಲ್ಲ." ನಾಲ್ಕು ಹೂಂ ಬಿದ್ದವು. ಅವ್ವ ಕಂಬಳಿ ಮಡಚಿ ಪೆಟ್ಟಿಗೆಗೆ ಹಾಕಿದಳು.

ಮೊದಲ ವರ್ಷ ಕಂಡಕ್ಟರನ ಪಾಸ್‌ಪೋರ್ಟ್ ಕೆಟ್ಟಿತು. ಚಿಕ್ಕಂದಿನಲ್ಲಿ ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಎಲ್ಲ ಮಕ್ಕಳಂತೆ ಅವನನ್ನೂ ಜೂನ್ ಒಂದಕ್ಕೆ ಹುಟ್ಟಿಸಿದ್ದರು, ಆಧಾರ್ ಕಾರ್ಡಿನಲ್ಲಿ ಬೇರೆ ತಾರೀಖಿತ್ತು, ಸರಿಪಡಿಸುವಷ್ಟರಲ್ಲಿ ಚಳಿಗಾಲ ಮುಗಿದಿತ್ತು. ಎರಡನೆಯ ವರ್ಷ ವಿಜ್ಞಾನದ ಮೇಷ್ಟ್ರಿಗೆ ಹತ್ತನೇ ಕ್ಲಾಸಿನ ವಿಶೇಷ ತರಗತಿ. ಮೂರನೆಯ ವರ್ಷ ಟೈಲರ್ ಗೆಳತಿಯ ಮಗಳ ಬಾಣಂತನ. ಹಿಮ ಬೀಳುವುದು ಚಳಿಗಾಲದಲ್ಲಿ, ನಮಗೆ ಪುರುಸೊತ್ತು ಬೇಸಿಗೆಯಲ್ಲಿ. "ಏಪ್ರಿಲ್‌ನಾಗೆ ಒಂಚೂರಾದ್ರೂ ಉಳ್ದಿರಲ್ವಾ ಅಲ್ಲಿ?" ಎಂದು ಕಂಡಕ್ಟರು ವರ್ಷವೂ ಕೇಳುತ್ತಾನೆ.

ಮಾತು ಮಾತ್ರ ಒಂದು ದಿನವೂ ನಿಂತಿಲ್ಲ. ನನ್ನನ್ನು ಉರಿಸುವುದು ಅದೇ. ವಾಟ್ಸಾಪ್ ಗುಂಪಿನಲ್ಲಿ ಬೆಳಿಗ್ಗೆ ಆರಕ್ಕೇ ಹಿಮದ ಚಿತ್ರದ ಮೇಲೆ ಶುಭೋದಯ. ಮೇಷ್ಟ್ರು ಘರ್ಷಣೆಯ ಬಗ್ಗೆ ಮೂರು ಮೂರು ನಿಮಿಷದ ಧ್ವನಿ ಸಂದೇಶ ಕಳಿಸುತ್ತಾರೆ: "ಚೂಡಂಡಿ ಮೇಡಂ, ಪಟ್ಟಿ ಅಡಿಗೆ ಮೇಣ ಹಚ್ಚೋದು ಯಾತಕ್ಕೆ ಅಂದ್ರೆ..." ಟೈಲರು ನಾಲ್ಕು ಜಾಕೆಟ್ ಹೊಲಿದು, ಒಳಗೆ ಕಂಬಳಿ ತುಂಡು ಕೂರಿಸಿ, ಅಳತೆ ನೋಡಲು ಮೇ ತಿಂಗಳಲ್ಲಿ ತೊಡಿಸಿದಳು. ಮೇಷ್ಟ್ರು ಜಾಕೆಟ್ಟಿನೊಳಗೇ ಬೆಂದು, ಕನ್ನಡ ಪೂರ್ತಿ ಮರೆತರು. ಕಂಡಕ್ಟರಿಗೆ, ಜನರನ್ನು ಕೂರಿಸಿಕೊಂಡು ನೇತಾಡುತ್ತ ಬೆಟ್ಟ ಹತ್ತಿಸುವ ತಂತಿ ಕುರ್ಚಿಯ ಮೇಲೆ ಕಣ್ಣು.

"ಒಂದ್ ಕುರ್ಚಿಗೆ ಎಷ್ಟ್ ಸೀಟಕ್ಕ? ಸೀಟಿ ಹೊಡೆಯೋನು ಎಲ್ ನಿಂತ್ಕೋತಾನೆ? ಮಧ್ಯದಾಗೆ ಸ್ಟಾಪ್ ಐತಾ?"

"ಕಂಡಕ್ಟರೇ ಇರಲ್ಲ ಕಣೋ ಅದಕ್ಕೆ."

"ಮತ್ತೆ ಅದೆಂಥ ಗಾಡಿ ಬಿಡು!"

ಬಸ್ಸೆಲ್ಲ ನಗುತ್ತಿತ್ತು. ದೇವಸಮುದ್ರಕ್ಕೆ ಹೋಗುವ ಮುದುಕರೊಬ್ಬರು, "ಏನಮ್ಮ, ಇನ್ನೂ ಹೋಗಿಲ್ವಾ ನೀವು ಐಸಿಗೆ?" ಎಂದು ಪ್ರತಿ ಸಲ ವಿಚಾರಿಸುತ್ತಾರೆ.

ನಾನು ಅಭ್ಯಾಸ ಬಿಡಲಿಲ್ಲ. ಪರಿಚಯದವರ ಎಣ್ಣೆ ಮಿಲ್ಲಿನ ಹಿಂದೆ ಕಡಲೆಕಾಯಿ ಸಿಪ್ಪೆಯ ಗುಡ್ಡೆ ಇದೆ. ಭಾನುವಾರ ಎರಡು ಹಲಗೆಗೆ ಹಗ್ಗ ಬಿಗಿದು, ಅದರ ಮೇಲಿಂದ ಇಳಿದೆ. ಸ್ಕೀ ಕಲಿಯುವವರು ಮೊದಲು ಕಲಿಯುವುದು ನಿಲ್ಲುವುದನ್ನು: ಹೆಬ್ಬೆರಳು ಒಳಕ್ಕೆ, ಹಿಮ್ಮಡಿ ಹೊರಕ್ಕೆ, ಮಂಡಿ ಒಂದಕ್ಕೊಂದು ಹತ್ತಿರ. ಸಿಪ್ಪೆಯ ಮೇಲೂ ಅದು ಕೆಲಸ ಮಾಡುತ್ತದೆ, ಮೂಗಿನ ತುಂಬ ಧೂಳು ತುಂಬುತ್ತದೆ ಅಷ್ಟೇ. ಆದರೆ ಈ ಮಳೆಗಾಲದಲ್ಲಿ ಬಲ ಮಂಡಿ ಹಿಡಿದುಕೊಂಡಿತು. ಚಿತ್ರದುರ್ಗದ ಡಾಕ್ಟರು ಎಕ್ಸ್‌ರೇ ನೋಡಿ, "ಈ ಚಳಿಗಾಲ ಹಗುರಾಗಿ ಏನು ಬೇಕಾದ್ರೂ ಮಾಡಿ. ಬೇಸಿಗೆಗೆ ಆಪರೇಷನ್. ಆಮೇಲೆ ಈ ಜಾರೋದು ಬೀಳೋದು ಮರೆತುಬಿಡಿ," ಎಂದರು.

ನನಗೆ ಉಳಿದಿರುವುದು ಇದೊಂದೇ ಚಳಿಗಾಲ. ಜನವರಿಗೆ ರಜೆ ಮಂಜೂರಾಗಿದೆ. ಆಸ್ಟ್ರಿಯಾದ ಒಂದು ಸಣ್ಣ ಊರು, ಕಲಿಸುವ ಮೇಷ್ಟ್ರು, ಎಲ್ಲ ನೋಡಿಟ್ಟಿದ್ದೇನೆ. ವೀಸಾಕ್ಕೆ ಈ ವಾರ ಅರ್ಜಿ ಹೋಗಬೇಕು.

ಹೋದ ಭಾನುವಾರ ಮಧ್ಯಾಹ್ನ ಮೂವರೂ ಬಂದರು. ಅವ್ವ ಕಂಬಳಿ ಹಾಸಿದಳು. ಕೂತ ಕೂಡಲೇ ಕಂಡಕ್ಟರು ಕೆಮ್ಮಿ, "ಜನವರಿಗೆ ತಂಗಿ ಗೃಹಪ್ರವೇಶ ಐತೆ ಅಕ್ಕ. ಮುಂದಿನ್ ವರ್ಷ ಗ್ಯಾರಂಟಿ ಹೋಗಾನ," ಎಂದ. ಮೇಷ್ಟ್ರು, "ಅದೇ ಕದಾ, ಒಂದು ವರ್ಷ ತಾನೇ," ಎಂದು ತಲೆಯಾಡಿಸಿದರು. ಟೈಲರು ನನ್ನ ಮುಖ ನೋಡದೆ ನೆಲ ನೋಡಿದಳು.

"ಹಂಗಾರೆ ಎಲ್ರೂ ಹೂಂ ಅನ್ರಿ, ಮಡಚ್ತೀನಿ," ಎಂದಳು ಅವ್ವ.

ಮೂರು ಹೂಂ ಬಂದವು. ನಾನು ಹೂಂ ಅನ್ನಲಿಲ್ಲ. ಮಂಡಿಯ ಸಂಗತಿಯನ್ನು ಆಗ ಮೊದಲ ಸಲ ಅವರಿಗೆ ಹೇಳಿದೆ. ಟೈಲರು, "ಹಂಗಾದ್ರೆ ನೀನೊಬ್ಳೇ ಹೋಗ್ಬಾ. ನಾನು ಹೂಂ ಅಂತೀನಿ," ಎಂದಳು. ಮೇಷ್ಟ್ರೂ ಒಪ್ಪಿದರು. ಕಂಡಕ್ಟರು ಮಾತ್ರ ಎದ್ದು ನಿಂತ.

"ನಾಕೂ ಜನ ಅಂದೋಳು ನೀನೇ. ಈಗ ನಮ್ಮನ್ನ ಬಸ್‌ಸ್ಟ್ಯಾಂಡ್‌ನಾಗೆ ಬಿಟ್ಟು ಹೋಗ್ತೀಯಾ? ನಾನ್ ಅನ್ನಲ್ಲ."

"ನೀನೂ ಬರಲ್ಲ, ನನ್ನೂ ಬಿಡಲ್ಲ. ಇದ್ಯಾವ ನ್ಯಾಯನೋ?"

ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಅವನ ಹೂಂ ಇಲ್ಲದೆಯೂ ನಾನು ಹೋಗಬಹುದು ಎಂದು ಓದುವವರಿಗೆ ಅನ್ನಿಸಬಹುದು. ಅವ್ವನ ಕಣ್ಣೆದುರು ಆ ಕಂಬಳಿಯನ್ನು ತುಳಿದು ಹೋಗುವ ಕಾಲು ನನ್ನದಲ್ಲ.

ಅಂದಿನಿಂದ ಕಂಬಳಿ ಹಜಾರದಲ್ಲಿ ಹಾಸಿದ ಹಾಗೇ ಇದೆ. ಅವ್ವ ಗೋಡೆ ಹಿಡಿದು ಅದನ್ನು ತುಳಿಯದೆ ಸುತ್ತುಹಾಕಿ ಅಡುಗೆಮನೆಗೆ ಹೋಗುತ್ತಾಳೆ, ಕಸ ಗುಡಿಸುವಾಗ ಅದರ ಅಂಚಿಗೇ ಪೊರಕೆ ನಿಲ್ಲಿಸುತ್ತಾಳೆ. ಬಸ್ಸಿನಲ್ಲಿ ಕಂಡಕ್ಟರು ನನ್ನ ಮುಖ ನೋಡದೆ ಟಿಕೆಟ್ ಹರಿಯುತ್ತಾನೆ. ಗುಂಪಿನಲ್ಲಿ ಶುಭೋದಯವೂ ನಿಂತಿದೆ. ನಾಲ್ಕು ವರ್ಷ ಅದು ಒಮ್ಮೆ ನಿಲ್ಲಲಿ ಎಂದು ಕಾದವಳಿಗೆ ಈಗ ಅದು ನಿಂತದ್ದೂ ಹಿಂಸೆ.

ನಿನ್ನೆ ಕಂಡಕ್ಟರಿಗೆ ವಾರದ ರಜೆ. ಸಂಜೆ ಬಂದು ಬಾಗಿಲಲ್ಲಿ ನಿಂತ.

"ಇನ್ನೂ ಮಡಚಿಲ್ವಾ?"

"ಇಲ್ಲ."

ಬಂದು ತನ್ನ ಮೂಲೆಯಲ್ಲಿ ಕೂತ. ಚಹಾ ಕುಡಿದು ಮುಗಿಸುವ ತನಕ ಲೋಟವನ್ನೇ ನೋಡುತ್ತಿದ್ದ. ಆಮೇಲೆ ಮೆಲ್ಲಗೆ ಕೇಳಿದ, "ಆ ತಂತಿ ಕುರ್ಚಿ ಐತಲ್ಲಕ್ಕ. ಹೆದ್ರಿಕೆ ಆದ್ರೆ ಮಧ್ಯದಾಗೆ ಇಳಿಯೋಕಾಗಲ್ಲ, ಅಲ್ವಾ?"

ಕೈ ಎತ್ತಿದವರಿಗೆಲ್ಲ ಬಸ್ಸು ನಿಲ್ಲಿಸುವವನು ನಾಲ್ಕು ವರ್ಷ ಇದನ್ನೇ ತಮಾಷೆ ಮಾಡಿ ಮಾಡಿ ಕೇಳಿದ್ದ, ನಾನು ನಕ್ಕು ಸುಮ್ಮನಾಗಿದ್ದೆ.

"ಗೃಹಪ್ರವೇಶ ಸುಳ್ಳಾ?"

"ಫೆಬ್ರವರಿಗೆ ಐತೆ."

"ಲೇ, ಹೊಸದಾಗಿ ಕಲಿಯೋರಿಗೆ ಕುರ್ಚಿನೇ ಬೇಡ ಕಣೋ! ತಪ್ಪಲಲ್ಲೇ ಸಣ್ಣ ದಿಬ್ಬ ಇರುತ್ತೆ, ನಡ್ಕೊಂಡೇ ಹತ್ತೋದು. ನಮ್ಮ ಸಿಪ್ಪೆ ಗುಡ್ಡೆಯಷ್ಟೇ."

ಅವನು ತಲೆ ಎತ್ತಿದ. "ಇದನ್ನ ಮೊದ್ಲೇ ಹೇಳೋದಲ್ವಾ!"

"ನೀನು ಸರಿಯಾಗಿ ಕೇಳಿದ್ಯಾ?"

ನನ್ನ ದನಿ ಬೀದಿಗೆ ಕೇಳಿಸಿರಬೇಕು. ಅವನು ಕಂಬಳಿಯ ಅಂಚಿನ ದಾರವನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಎದ್ದ. ದಿಬ್ಬದ ವಿಡಿಯೊ ಕಳಿಸು, ನೋಡಿ ಬರ್ತೀನೋ ಇಲ್ವೋ ನಾಳೆ ಹೇಳ್ತೀನಿ ಎಂದು ಹೊರಟ.

ಅಡುಗೆಮನೆಯಿಂದ ಅವ್ವ ಬಂದಳು. "ಹೂಂ ಅಂದ್ನಾ?"

"ನಾಳೆ ಹೇಳ್ತಾನಂತೆ."

ಅವ್ವ ಅವನು ಬಿಟ್ಟುಹೋದ ಲೋಟವನ್ನು ಕಂಬಳಿ ತುಳಿಯದಂತೆ ಬಗ್ಗಿ ತೆಗೆದುಕೊಂಡು, ಗೋಡೆ ಹಿಡಿದು, ಸುತ್ತುಹಾಕಿ ಹೋದಳು. ನಾನು ಮಂಡಿಗೆ ಎಣ್ಣೆ ಹಚ್ಚುತ್ತ ವಿಡಿಯೊ ಹುಡುಕತೊಡಗಿದೆ.