ಶುಕ್ರವಾರದ ಕೇಕಿನ ಸರದಿ

ರಾಗ್ನಿ ಸೆಲ್ಲಿನ್ ಎಂಬವಳು ಕುರ್ಚಿಗೆ ಬೆನ್ನು ಆನಿಸಿ ಕೂತದ್ದನ್ನು ನೋಡಿದವರು ಕಡಿಮೆ. ಕೂತರೂ ಅಂಚಿನಲ್ಲಿ, ಈಗಲೋ ಆಗಲೋ ಬಸ್ಸು ಬಂದುಬಿಡುತ್ತದೆ ಎನ್ನುವವಳ ಹಾಗೆ. ನವೆಂಬರಿನಲ್ಲಿ ಅವಳು ತೀರಿಕೊಂಡ ಮೇಲೆ ಕಚೇರಿಯ ಕೋಣೆ ಖಾಲಿ ಮಾಡುವಾಗ ಮೇಜಿನ ಕೆಳಗೆ ಮೂರು ಜೊತೆ ಬೂಟು ಸಿಕ್ಕವು. ಮೂರರ ಹಿಮ್ಮಡಿಯೂ ಒಂದೇ ಪಕ್ಕಕ್ಕೆ ಸವೆದಿತ್ತು. ಕುರ್ಚಿ ಮಾತ್ರ ಅಂಗಡಿಯಿಂದ ಬಂದ ದಿನದ ಹಾಗೇ ಇತ್ತು.

ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿ ಸಂಘದ ಕಡೆಯಿಂದ, ಪಿಎಚ್.ಡಿ ಮಾಡುವವರ ಅಹವಾಲು ಕೇಳುವುದು ಅವಳ ಕೆಲಸವಾಗಿತ್ತು. ಮಾರ್ಗದರ್ಶಕರೊಡನೆ ಮಾತು ಬಿಟ್ಟವರು, ಮೂರನೇ ವರ್ಷಕ್ಕೆ ವಿಷಯವೇ ಬೇಡವೆನಿಸಿದವರು, ಕಾರಣ ಗೊತ್ತಿಲ್ಲದೆ ಅಳು ಬರುವವರು, ಎಲ್ಲರೂ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳೂ ಒಂದು ಕಾಲದಲ್ಲಿ ಆರು ವರ್ಷ ಕೂತು, ಉತ್ತರದ ಹೊಳೆಗಳಲ್ಲಿ ಮರದ ದಿಮ್ಮಿ ತೇಲಿಬಿಡುತ್ತಿದ್ದವರ ಬಗ್ಗೆ ಪ್ರಬಂಧ ಬರೆಯಹೊರಟು, ಮುಗಿಸದೆ ಎದ್ದು ಬಂದವಳು. ಕೇಳಿದರೆ, “ದಿಮ್ಮಿ ಎಲ್ಲಾ ಸಮುದ್ರ ಸೇರ್ತು, ನಾನು ಸೇರ್ಲಿಲ್ಲ” ಎಂದು ನಗುತ್ತಿದ್ದಳು.

ಯಾರು ಬಂದರೂ ಅವಳು ಕೋಟು ಹಾಕಿಕೊಂಡು ಹೊಳೆಯ ದಂಡೆಗೆ ಕರೆದುಕೊಂಡು ಹೋಗುತ್ತಿದ್ದಳು. “ಎದುರುಬದುರು ಕೂತ್ರೆ ಜನ ಚೆನ್ನಾಗಿ ಮಾತಾಡ್ತಾರೆ, ಪಕ್ಕಪಕ್ಕ ನಡೆದ್ರೆ ನಿಜ ಮಾತಾಡ್ತಾರೆ” ಎನ್ನುವುದು ಅವಳ ಸಿದ್ಧಾಂತ. ದಂಡೆ ಮುಟ್ಟುವ ಮೊದಲು ಪ್ರತಿಯೊಬ್ಬರಿಗೂ ಒಂದೇ ಮಾತು ಕೊಡುತ್ತಿದ್ದಳು: “ನೀನು ಹೂಂ ಅನ್ನದೆ ನಿನ್ನ ವಿಷಯ ನನ್ನ ಬಾಯಿಂದ ಆಚೆ ಹೋಗಲ್ಲ.” ಇಪ್ಪತ್ತೆರಡು ವರ್ಷ ಆ ಮಾತು ನಡೆಸಿಕೊಂಡು ಬಂದಳು. ಒಂದು ಸಲ ಮಾತ್ರ ಮುರಿದಳು. ಅದನ್ನೇ ಇಲ್ಲಿ ಹೇಳಬೇಕಾಗಿರುವುದು. ಯಾವ ವಿಭಾಗ ಎಂಬುದು ಬೇಡ. ಅವಳಿದ್ದಿದ್ದರೆ ಹೇಳಲು ಬಿಡುತ್ತಿರಲಿಲ್ಲ.

ಅದೇ ವರ್ಷದ ಫೆಬ್ರವರಿಯಲ್ಲಿ ಮೈಕೆನ್ ಬಂದಳು. ಮೂವತ್ತೊಂದು ವರ್ಷ, ಜೌಗು ನೆಲದ ಪಾಚಿಯ ಮೇಲೆ ಸಂಶೋಧನೆ. ಇಲ್ಲಿ ಪಿಎಚ್.ಡಿ ಎಂದರೆ ವಿಶ್ವವಿದ್ಯಾಲಯದ ಸಂಬಳದ ನೌಕರಿ; ಅವಳ ನಾಲ್ಕು ವರ್ಷ ಏಪ್ರಿಲ್ ಕೊನೆಗೆ ಮುಗಿಯುವುದಿತ್ತು. ಪ್ರಬಂಧಕ್ಕೆ ಇನ್ನೂ ಆರು ತಿಂಗಳಾದರೂ ಬೇಕು. ಅವಧಿ ಹೆಚ್ಚಿಸಿ ಎಂದು ಕೊಟ್ಟ ಅರ್ಜಿ ತಿರುಗಿ ಬಂದಿತ್ತು.

ಹೊಳೆ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೈಕೆನ್ ನೆಲ ನೋಡಿಕೊಂಡೇ ನಡೆದಳು.

“ಹೋದ ವರ್ಷದ ಹಿಂದಿನ ಅಕ್ಟೋಬರಿಂದ ಜೂನ್‌ವರೆಗೆ ನಾನು ಇರ್ಲಿಲ್ಲ” ಎಂದಳು.

“ಎಲ್ಲಿಗೆ ಹೋಗಿದ್ದೆ?”

“ಎಲ್ಲಿಗೂ ಇಲ್ಲ. ದಿನಾ ಬರ್ತಿದ್ದೆ. ಸೈಕಲ್ ನಿಲ್ಲಿಸೋ ಶೆಡ್ಡಿನವರೆಗೆ ಬಂದು, ಅಲ್ಲೇ ನಿಂತು, ವಾಪಸ್ ಮನೆಗೆ. ಕೆಲವು ದಿನ ಮೇಲೆ ಹತ್ತಿದ್ರೂ ಬಾಗಿಲು ಹಾಕ್ಕೊಂಡು ಗೋಡೆ ನೋಡ್ತಾ ಕೂತಿರ್ತಿದ್ದೆ. ಒಂದು ಸಾಲು ಬರೀಲಿಲ್ಲ.”

“ಅನಾರೋಗ್ಯ ಅಂತ ಬರೆದುಕೊಟ್ಟಿದ್ಯಾ?”

“ಜ್ವರ ಇರ್ಲಿಲ್ಲ. ತಲೆನೋವೂ ಇರ್ಲಿಲ್ಲ. ಏನಂತ ಬರೀಲಿ?”

ರಾಗ್ನಿ ನಿಂತುಬಿಟ್ಟಳು. ಸಂಶೋಧನೆ ಮಾಡುವವರ ಈ ದಡ್ಡತನ ಅವಳಿಗೆ ಹೊಸದಲ್ಲ. ಕಾಯಿಲೆ ಎಂದು ದಾಖಲಾದ ದಿನಗಳಷ್ಟನ್ನು ನೌಕರಿಯ ಕೊನೆಗೆ ಸೇರಿಸಿ ಕೊಡುತ್ತಾರೆ. ದಾಖಲಾಗದ ದಿನಕ್ಕೆ ಏನೂ ಇಲ್ಲ. ಪಾಚಿಯ ಒಂದೊಂದು ಎಳೆಯನ್ನೂ ಎಣಿಸಿ ಬರೆದಿಡುವವರು ತಾವು ಹಾಸಿಗೆ ಹಿಡಿದದ್ದನ್ನು ಮಾತ್ರ ಎಲ್ಲೂ ಬರೆಯುವುದಿಲ್ಲ.

“ನಿನ್ನ ಗೈಡು? ಅವನಿಗೆ ಗೊತ್ತಿತ್ತಾ?”

“ಬಿರ್ಗರ್ ತನಗೇನೂ ಗೊತ್ತಾಗ್ಲಿಲ್ಲ ಅಂತ ಅರ್ಜಿ ಮೇಲೆ ಬರೆದಿದ್ದಾನೆ.”

“ನೀನೇನಂತೀಯ?”

“ಕೇಳ್ಲಿಲ್ಲ, ಅಷ್ಟೇ ಗೊತ್ತು. ಯಾರೂ ಕೇಳ್ಲಿಲ್ಲ.”

ಅಂದಿನಿಂದ ರಾಗ್ನಿಗೆ ನಿದ್ದೆ ಕೆಟ್ಟಿತು. ವೈದ್ಯರು ಕಳೆದುಹೋದ ತಿಂಗಳುಗಳಿಗೆ ಚೀಟಿ ಬರೆದುಕೊಡಲು ಒಪ್ಪಲಿಲ್ಲ. ವಿಭಾಗದ ಮುಖ್ಯಸ್ಥೆ ಸೂಸಾನ್ ವಿಕ್‌ಗೆ ಮೂರು ಪತ್ರ ಬರೆದ ಮೇಲೆ ಮಾರ್ಚ್ ಹನ್ನೆರಡಕ್ಕೆ ಒಂದು ಭೇಟಿ ಸಿಕ್ಕಿತು. ಅದು ತಪ್ಪಿದರೆ ಮೈಕೆನ್‌ಗೆ ಬೇರೆ ದಾರಿ ಇರಲಿಲ್ಲ. ಸಂಬಳ ನಿಂತರೆ ಅವಳು ಊರಿಗೆ ಹೋಗಿ ಅಕ್ಕನ ಹೂವಿನ ಅಂಗಡಿಯಲ್ಲಿ ನಿಲ್ಲುವುದೆಂದು ಗೊತ್ತಾಗಿತ್ತು. ಹಾಗೆ ಹೋದವರು ಪ್ರಬಂಧ ಮುಗಿಸಲು ಮರಳಿ ಬರುವುದಿಲ್ಲ. ರಾಗ್ನಿಗೆ ಇದು ಬೇರೆ ಯಾರೂ ಹೇಳಿಕೊಡಬೇಕಾದ ವಿಷಯವಾಗಿರಲಿಲ್ಲ.

ಭೇಟಿಗೆ ಎರಡು ದಿನ ಮೊದಲು ಕಾಗದಪತ್ರ ಕೊಡಲು ಅವಳು ಆ ವಿಭಾಗಕ್ಕೆ ಹೋದಳು. ಕಾರ್ಯದರ್ಶಿ ಹತ್ತು ನಿಮಿಷ ಕಾಯಲು ಹೇಳಿದಳು. ಹತ್ತು ನಿಮಿಷ ಸುಮ್ಮನೆ ನಿಲ್ಲುವ ಪೈಕಿಯೇ ಅವಳು? ಕಾಫಿ ಕೋಣೆಗೆ ಹೋಗಿ ಕಪ್ಪಿಗಾಗಿ ಬೀರು ತೆಗೆದಳು. ಬಾಗಿಲಿನ ಒಳಮೈಗೆ ಒಂದು ಪಟ್ಟಿ ಅಂಟಿಸಿತ್ತು: ಶುಕ್ರವಾರದ ಕಾಫಿಗೆ ಕೇಕು ತರುವವರ ಸರದಿ. ಇಲ್ಲಿ ಯಾವ ವಿಭಾಗದಲ್ಲಿ ಅದಿಲ್ಲ? ಪಾಠ ತಪ್ಪಿಸಿದವರುಂಟು, ಕೇಕಿನ ಸರದಿ ತಪ್ಪಿಸಿದವರಿಲ್ಲ. ಹೊಸ ವರ್ಷದ ಪಟ್ಟಿಯನ್ನು ಹಳೆಯದರ ಮೇಲೇ ಅಂಟಿಸಿಕೊಂಡು ಬಂದಿದ್ದರು. ಅವಳು ಉಗುರಿನಿಂದ ಮೇಲಿನ ಹಾಳೆ ಎತ್ತಿದಳು.

ಕೆಳಗಿನ ಪಟ್ಟಿಯಲ್ಲಿ ಆರು ಜನರ ಹೆಸರು ಸುತ್ತಿ ಸುತ್ತಿ ಬಂದಿದ್ದವು. ಅಕ್ಟೋಬರ್ ಕೊನೆಯಿಂದ ಮೈಕೆನ್ ಎಂದಿದ್ದಲ್ಲೆಲ್ಲ ಅಡ್ಡಗೆರೆ, ಪಕ್ಕದಲ್ಲಿ ಬೇರೆ ಹೆಸರು. ಒಂದೊಂದು ಸಲ ಒಂದೊಂದು ಕೈಬರಹ, ಒಂದೊಂದು ಬಣ್ಣದ ಪೆನ್ನು. ಜೂನ್‌ವರೆಗೆ ಆರು ಸಲ. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಅವಳ ಶುಕ್ರವಾರ ಬಂದಾಗ ಯಾರಾದರೊಬ್ಬರು ಮಾತಿಲ್ಲದೆ ಏಲಕ್ಕಿ ಬನ್ನನ್ನೋ ಕೇಕನ್ನೋ ತಂದು ಮೇಜಿನ ಮೇಲಿಟ್ಟಿದ್ದರು. ಆರರಲ್ಲಿ ಎರಡು ಕಡೆ ಹಸಿರು ಶಾಯಿಯಲ್ಲಿ ದೊಡ್ಡ ಅಕ್ಷರ: ಬಿರ್ಗರ್.

ರಾಗ್ನಿ ಫೋನು ತೆಗೆದು ಚಿತ್ರ ಹಿಡಿದಳು. ಕಾಫಿ ಕುಡಿಯಲಿಲ್ಲ. ಕಾಗದ ಕೊಡುವುದನ್ನೂ ಮರೆತು ಮೆಟ್ಟಿಲಿಳಿದುಬಿಟ್ಟಳು.

“ಸಿಕ್ತು ಹುಡುಗಿ!” ಎಂದು ದಂಡೆಯ ಮೇಲೆ ಮೈಕೆನ್‌ಗೆ ಚಿತ್ರ ತೋರಿಸಿದಳು. “ಗೊತ್ತೇ ಇರ್ಲಿಲ್ಲವಂತೆ! ಗೊತ್ತಿಲ್ದೆ ಎರಡು ಸಲ ನಿನ್ನ ಬದಲು ಕೇಕು ತಂದ್ನಾ ಮಹಾರಾಯ?”

ಮೈಕೆನ್ ಚಿತ್ರವನ್ನು ದೊಡ್ಡದು ಮಾಡಿ ಒಂದೊಂದೇ ಹೆಸರು ಓದಿದಳು. ಅವಳಿಗೇ ಅದು ಗೊತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಅವಳು ಕಾಫಿ ಕೋಣೆಯ ಕಡೆ ತಲೆ ಹಾಕಿರಲಿಲ್ಲ.

“ಇದು ಬೇಡ” ಎಂದಳು.

“ಏನು ಬೇಡ?”

“ಇದನ್ನ ಅಲ್ಲಿ ತೋರಿಸ್ಬೇಡ. ಬೇರೆ ಏನಾದ್ರೂ ಹೇಳು.”

“ಬೇರೆ ಏನಿದೆ? ಪುಣ್ಯಾತ್ಗಿತ್ತಿ, ನಮ್ಮ ಕೈಲಿ ಇರೋದು ಇದೊಂದೇ.”

“ನಾನು ಸತ್ತುಬಿಟ್ರೆ ಸಾಕು ಅನ್ಕೊಂಡಿದ್ದ ಕಾಲದಲ್ಲಿ ಇವರು ನನಗೋಸ್ಕರ ಬನ್ನು ಮಾಡಿದ್ದಾರೆ. ಅದನ್ನೇ ಹಿಡ್ಕೊಂಡು ಹೋಗಿ ನೀವೆಲ್ಲಾ ಸುಳ್ಳರು ಅಂತ ಹೇಳ್ಲಾ? ಬೇಡ ರಾಗ್ನಿ.”

“ಕೇಳಬಹುದಿತ್ತಲ್ಲಾ ಬಾಯಿಬಿಟ್ಟು! ಬನ್ನು ಮಾಡೋಕೆ ಎರಡು ಗಂಟೆ ಬೇಕು. ‘ಹೇಗಿದ್ದೀಯ’ ಅನ್ನೋಕೆ?”

“ನಿನಗೆ ಸುಲಭ. ನೀನು ಇವತ್ತು ಜಗಳಾಡಿ ನಾಳೆ ಇನ್ನೊಬ್ಬರ ಜೊತೆ ವಾಕ್ ಹೋಗ್ತೀಯ. ನಾನು ಅವರ ಜೊತೆ ಕಾಫಿ ಕುಡೀಬೇಕು.”

ರಾಗ್ನಿ ಫೋನು ಜೇಬಿಗೆ ಹಾಕಿ, “ಸರಿ, ನಿನ್ನಿಷ್ಟ” ಎಂದಳು. ಆದರೆ ಚಿತ್ರವನ್ನು ಅಳಿಸಲಿಲ್ಲ. ಸಂಜೆ ಅದನ್ನು ಕಾಗದದ ಮೇಲೆ ಮುದ್ರಿಸಿ ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡಳು. ಯಾಕೆ ಎಂದು ಆಗ ತನ್ನನ್ನು ತಾನೇ ಕೇಳಿಕೊಂಡಿರಲಿಲ್ಲ.

ಭೇಟಿ ಮಧ್ಯಾಹ್ನ ಒಂದಕ್ಕೆ. ಸೂಸಾನ್ ವಿಕ್ ಒಳ್ಳೆಯ ಹೆಂಗಸು. ದನಿ ಎತ್ತುವವಳಲ್ಲ. ಬಿರ್ಗರ್ ಕಿಟಕಿಯ ಕಡೆ ಮುಖಮಾಡಿ ಕೂತಿದ್ದ. ಎತ್ತರದ ಆಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಮೊಣಕಾಲ ಮೇಲಿಟ್ಟುಕೊಂಡಿದ್ದ. ಇಲ್ಲಿ ಎಲ್ಲರಿಗೂ ಎಲ್ಲರೂ ‘ನೀನು’, ‘ನೀವು’ ಎನ್ನುವುದೇ ಇಲ್ಲ. ಬೇಡ ಎನ್ನುವುದನ್ನೂ ಹೆಸರು ಹಿಡಿದು ಪ್ರೀತಿಯಿಂದಲೇ ಹೇಳುತ್ತಾರೆ.

“ಮೈಕೆನ್, ನಿನಗೆ ಕಷ್ಟ ಆಯ್ತು ಅಂತ ನಮಗೆಲ್ಲಾ ಬೇಜಾರಿದೆ” ಎಂದಳು ಸೂಸಾನ್. “ಆದ್ರೆ ನಾನು ಏನನ್ನ ಆಧಾರ ಇಟ್ಕೊಂಡು ಸಹಿ ಹಾಕ್ಲಿ? ಒಂದು ಚೀಟಿ ಇಲ್ಲ, ಒಂದು ಪತ್ರ ಇಲ್ಲ.”

“ಬಿರ್ಗರ್, ನೀನು ನೋಡ್ಲೇ ಇಲ್ವಾ?” ಎಂದು ರಾಗ್ನಿ ಕೇಳಿದಳು.

“ಆ ಚಳಿಗಾಲ ನಾನು ಅರ್ಧ ಕಾಲ ಹೊರಗಡೆ ಇದ್ದೆ. ಸಂಶೋಧನೆ ಅಂದ್ರೆ ಒಬ್ಬರೇ ಮಾಡೋ ಕೆಲಸ. ಅವಳು ಓದ್ತಾ ಇದ್ದಾಳೆ ಅನ್ಕೊಂಡೆ.” ಅವನು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ನಿಜವಾಗ್ಲೂ ನನಗೆ ಏನೂ ಕಾಣ್ಲಿಲ್ಲ.”

ಮೈಕೆನ್ ತಲೆ ತಗ್ಗಿಸಿದಳು. ಸೂಸಾನ್ ಎದುರಿದ್ದ ಕಾಗದಗಳನ್ನು ಒಟ್ಟುಮಾಡಿ ಅಂಚು ಸರಿಪಡಿಸತೊಡಗಿದಳು. ಭೇಟಿ ಮುಗಿಯಿತೆಂದು ಅದರ ಅರ್ಥ. ರಾಗ್ನಿಯ ಬೂಟು ಮೇಜಿನ ಕಾಲಿಗೆ ಬಡಿಯುತ್ತಲೇ ಇತ್ತು. ಆಮೇಲೆ ಅವಳು ಹೇಳಿದ್ದು ಇಷ್ಟು: ಆ ಗಳಿಗೆಯಲ್ಲಿ ತಾನು ಮೈಕೆನ್‌ಳನ್ನೂ ನೋಡಲಿಲ್ಲ, ಕೊಟ್ಟ ಮಾತನ್ನೂ ನೆನೆಯಲಿಲ್ಲ, ಆ ಕಾಗದಗಳ ಅಂಚು ಸರಿಹೋಗುವುದನ್ನು ಮಾತ್ರ ನೋಡಿದೆ. ಕೈ ಚೀಲಕ್ಕೆ ಹೋಯಿತು. ಮಡಚಿದ ಹಾಳೆ ಮೇಜಿನ ಮೇಲೆ ಬಿಚ್ಚಿಕೊಂಡಿತು.

“ಈ ಹಸಿರು ಶಾಯಿ ಯಾರದು?”

ಸೂಸಾನ್ ಓದಿದಳು. ಅಡ್ಡಗೆರೆಗಳ ಮೇಲೆ ಬೆರಳಾಡಿಸುತ್ತ ಒಂದರ ಹತ್ತಿರ ನಿಂತಳು. ಡಿಸೆಂಬರಿನ ಒಂದು ಶುಕ್ರವಾರ, ಪಕ್ಕದಲ್ಲಿ ಅವಳದೇ ಹೆಸರಿತ್ತು. ಅವಳ ಕಿವಿ ಕೆಂಪಾಯಿತು.

ಬಿರ್ಗರ್ ಆಗ ತಿರುಗಿದ. “ಸೇಬಿನ ಕೇಕು” ಎಂದ. “ಒಂದ್ಸಲ ನಾನೇ ಮಾಡಿದ್ದೆ, ಇನ್ನೊಂದ್ಸಲ ಅಂಗಡಿಯಿಂದ ತಂದೆ. ನಾನು... ಅವಳನ್ನ ಕರೆದು ಕೇಳೋಣ ಅಂತಾನೇ ಇದ್ದೆ. ಪ್ರತಿ ವಾರ ಅನ್ಕೋತಿದ್ದೆ.”

ಅವನು ಮಾತಾಡಿದ್ದು ಮೈಕೆನ್‌ಗೆ. ಅವಳು ಅವನನ್ನು ನೋಡುತ್ತಿರಲಿಲ್ಲ. ರಾಗ್ನಿಯನ್ನು ನೋಡುತ್ತಿದ್ದಳು.

ಸೂಸಾನ್ ವಿಶೇಷ ಕಾರಣವೆಂದು ಬರೆದು ಐದು ತಿಂಗಳು ಮಂಜೂರು ಮಾಡಿದಳು. ಕೇಳಿದ್ದು ಆರು, ಸಿಕ್ಕಿದ್ದು ಐದು. ಸಾಲುತ್ತಿತ್ತು.

ಹೊರಗೆ ಮೊಗಸಾಲೆಯಲ್ಲಿ ಮೈಕೆನ್ ಕೋಟಿನ ಗುಂಡಿ ಹಾಕಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ತಿರುಗಿದಳು.

“ಥ್ಯಾಂಕ್ಸ್ ಹೇಳ್ಬೇಕಾ ನಾನು?”

“ಬೇಡ.”

“ಒಂದು ಮಾತು ಕೊಟ್ಟಿದ್ದೆ ನೀನು. ಒಂದೇ ಒಂದು. ಎಂಟು ತಿಂಗಳು ನನ್ನ ಕೇಳದೆ ನನ್ನ ಪರವಾಗಿ ಎಲ್ಲಾ ಮಾಡ್ದವರು ಅವರು. ನೀನೂ ಅದನ್ನೇ ಮಾಡ್ದೆ.”

ಮೈಕೆನ್ ಹೊರಟುಹೋದಳು.

ಮರುದಿನವೇ ರಾಗ್ನಿ ವಿದ್ಯಾರ್ಥಿ ಸಂಘದ ಸಮಿತಿಗೆ ತನ್ನ ಮೇಲೆ ತಾನೇ ದೂರು ಬರೆದುಕೊಟ್ಟಳು. ಇಪ್ಪತ್ತಮೂರು ವರ್ಷದ ಅಧ್ಯಕ್ಷ ಓದಿ ನಕ್ಕ. “ಗೆದ್ದಿದ್ದೀಯಲ್ಲ ರಾಗ್ನಿ, ಇನ್ನೇನು? ರಜೆ ಹಾಕಿ ಎಲ್ಲಾದ್ರೂ ಹೋಗಿ ಬಾ.” ಅವಳು ರಜೆ ಹಾಕಲಿಲ್ಲ. ಆ ವಸಂತವೆಲ್ಲ ಇನ್ನೂ ವೇಗವಾಗಿ ನಡೆದಳು. ಜೊತೆಗೆ ಬಂದ ವಿದ್ಯಾರ್ಥಿಗಳು ಏದುಸಿರು ಬಿಡುತ್ತಿದ್ದರು. ಮೈಕೆನ್‌ಗೆ ನಾಲ್ಕು ಸಲ ಪತ್ರ ಬರೆದು ನಾಲ್ಕನ್ನೂ ಹರಿದಳು. “ನಾನು ಕ್ಷಮೆ ಕೇಳಿದ್ರೆ ಅವಳು ಕ್ಷಮಿಸ್ಲೇಬೇಕಾಗುತ್ತೆ. ಆ ಹೊರೆ ಬೇರೆ ಯಾಕೆ ಅವಳ ತಲೆ ಮೇಲೆ?” ಎನ್ನುವುದು ಅವಳ ವಾದ. ಹೊಳೆಯ ಮಂಜುಗಡ್ಡೆ ಒಡೆದದ್ದು, ಬರ್ಚ್ ಮರಗಳು ಚಿಗುರಿದ್ದು ಅವಳಿಗೆ ಕಂಡಿತೋ ಇಲ್ಲವೋ. ಕೇಳಿದರೆ ಹವೆ ಚೆನ್ನಾಗಿದೆ ಎನ್ನುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮೈಕೆನ್ ಪ್ರಬಂಧ ಮುಗಿಸಿದಳು. ಮೌಖಿಕ ಪರೀಕ್ಷೆಗೆ ಮೂರು ವಾರ ಮೊದಲು ಅಚ್ಚಾದ ಪುಸ್ತಕವನ್ನು ಮುಖ್ಯ ಕಟ್ಟಡದ ಮರದ ಹಲಗೆಗೆ ಮೊಳೆ ಹೊಡೆದು ನೇತುಹಾಕಬೇಕು. ಅದು ಇಲ್ಲಿಯ ಪದ್ಧತಿ. ಪುಸ್ತಕದ ಮೂಲೆಗೆ ತೂತು ಕೊರೆದುಕೊಡುವುದು, ಸುತ್ತಿಗೆ ಕೈಗೆ ಕೊಡುವುದು ಕಟ್ಟಡ ನೋಡಿಕೊಳ್ಳುವ ಹಿಲ್ಡಿಂಗನ ಕೆಲಸ. ತಾನು ನಡೆಸಿದ ಪ್ರಕರಣದವರು ಮೊಳೆ ಹೊಡೆಯುವಾಗ ರಾಗ್ನಿಗೆ ಕರೆ ಬರುತ್ತಿತ್ತು. ಎಲ್ಲರೂ ಕರೆಯುತ್ತಿದ್ದರು. ಈ ಸಲ ಬರಲಿಲ್ಲ.

ಮರುದಿನ ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಅವಳು ಹಲಗೆಯ ಹತ್ತಿರ ಬಂದಳು. ಹಿಲ್ಡಿಂಗ್ ಏಣಿಯ ಮೇಲೆ ದೀಪ ಬದಲಿಸುತ್ತಿದ್ದ. ಇಬ್ಬರಿಗೂ ಇಪ್ಪತ್ತು ವರ್ಷದ ಗೆಳೆತನ. ಮಾರ್ಚಿನಲ್ಲಿ ನಡೆದದ್ದು ಅವನ ಕಿವಿಗೂ ಬಿದ್ದಿತ್ತು.

“ಯಾರ್ಯಾರು ಬಂದಿದ್ರು?”

“ಇಡೀ ವಿಭಾಗ. ಆ ಉದ್ದನೆಯವನು ಕೇಕು ತಂದಿದ್ದ. ಸ್ವಲ್ಪ ಸೀದಿತ್ತು, ಆದ್ರೂ ಎಲ್ಲರೂ ಎರಡೆರಡು ತುಂಡು ತಿಂದ್ರು.”

“ಅವಳು ಹೇಗಿದ್ಲು?”

“ಮೊದಲನೇ ಮೊಳೆ ಬಗ್ಗಿಸಿದ್ಲು. ಎರಡನೇದು ಒಳ್ಳೇ ಏಟು.”

ರಾಗ್ನಿ ನೇತಾಡುತ್ತಿದ್ದ ಪುಸ್ತಕವನ್ನು ಹಿಡಿದು ಕೃತಜ್ಞತೆಯ ಪುಟ ತೆಗೆದಳು. ನಿಂತೇ ಓದಿದಳು, ಮತ್ತೆ ಓದಿದಳು. ಅಕ್ಕನ ಹೆಸರಿತ್ತು, ಬಿರ್ಗರ್ ಇದ್ದ, ಸೂಸಾನ್ ಇದ್ದಳು, ವಿಭಾಗದ ಉಳಿದವರೂ ಇದ್ದರು.

ಹಿಲ್ಡಿಂಗ್ ಏಣಿಯಿಂದ ಇಳಿದ. “ಇಲ್ವಾ?”

“ಇಲ್ಲ.”

“ಅನ್ಯಾಯ.”

“ಏನು ಅನ್ಯಾಯ? ಸರಿಯಾಗೇ ಬರೆದಿದ್ದಾಳೆ.” ಪುಟ ಮುಚ್ಚಿದಳು, ಮತ್ತೆ ತೆರೆದಳು. “ನೋಡು, ಎಷ್ಟು ದಪ್ಪ ಇದೆ. ಮುಗಿಸಿದ್ಲು ನೋಡು.”

“ನಾಳೆ ಇಂಥದೇ ಇನ್ನೊಂದು ಹುಡುಗಿ ಬಂದ್ರೆ ಏನು ಮಾಡ್ತೀಯ?” ಅವನು ಗೆಳೆಯನಾಗಿದ್ದರಿಂದ ಕೇಳಿದ.

ಅವಳು ಯೋಚಿಸಿದಳು. ಯೋಚಿಸುವಾಗಲೂ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು.

“ಮತ್ತೆ ಚೀಲದಿಂದ ತೆಗೀತೀನಿ ಅನ್ಸುತ್ತೆ, ಹಿಲ್ಡಿಂಗ್. ಅದೇ ನನ್ನ ತಿನ್ತಾ ಇರೋದು. ತಪ್ಪು ಅಂತ ಗೊತ್ತು. ಆದ್ರೂ ತೆಗೀತೀನಿ.”

ಅವಳು ಕೈಗಡಿಯಾರ ನೋಡಿದಳು. ಒಂದೂವರೆಗೆ ಯಾರೋ ಭೌತಶಾಸ್ತ್ರದವನು ಬರುವುದಿತ್ತು. ಪುಸ್ತಕ ಬಿಟ್ಟು ಹೊರಟಳು. ಅವನು ಮಾತು ಹೊಂದಿಸಿಕೊಳ್ಳುವ ಹೊತ್ತಿಗೆ ಹೊರಗಿನ ಭಾರದ ಬಾಗಿಲು ಅವಳ ಹಿಂದೆ ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು.