ಮೊಮ್ಮಗಳು ನನ್ನ ಅಳತೆಗೆ ಇಳಿಸಿದ ಕಾರು

ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಈ ಮಾತನ್ನು ಸಿಂಧನೂರಿನ ನಮ್ಮ ಓಣಿಯಲ್ಲಿ ಹೇಳದ ಮನೆಯಿಲ್ಲ, ಹಾಲು ಹಾಕುವವನಿಗೂ ಎರಡು ಸಲ ಹೇಳಿದ್ದೇನೆ. ಇನ್ನು ಉಳಿದದ್ದು ಕಾಗದ ಒಂದೇ.

ಲಕ್ವಾ ಹೊಡೆದ ಮೇಲೆ ನನ್ನ ಎಡಗಾಲು ಯಾರದೋ ಕಾಲಿನಂತೆ ಆಗಿತ್ತು. ಬಿಸಿನೀರು ಚೆಲ್ಲಿದರೂ ಗೊತ್ತಾಗುತ್ತಿರಲಿಲ್ಲ, ಇರುವೆ ಕಚ್ಚಿದರೂ ಗೊತ್ತಾಗುತ್ತಿರಲಿಲ್ಲ. ಆ ಮರಗಟ್ಟಿದ್ದು ಮೆಲ್ಲಗೆ ಮೇಲಕ್ಕೆ ಏರಿತೋ ಏನೋ, ಮನಸ್ಸೂ ಹಾಗೇ ಆಯಿತು. ಉಣ್ಣು ಅಂದರೆ ಉಂಡೆ, ಮಲಗು ಅಂದರೆ ಮಲಗಿದೆ. ಸೊಸೆ ಟಿ.ವಿ. ಹಚ್ಚಿದರೆ ನೋಡಿದೆ. ಏನು ನೋಡಿದೆ ಎಂದು ಕೇಳಿದರೆ ಹೇಳಲಾರೆ.

ಅಂಥದ್ದರಲ್ಲಿ ಮಗ ನನ್ನನ್ನು ತನ್ನ ದೊಡ್ಡ ಗಾಡಿಯಲ್ಲಿ ಲಿಂಗಸುಗೂರಿಗೆ, ಮಗಳ ಮನೆಗೆ ಕರೆದುಕೊಂಡು ಹೋದ. ಆ ಗಾಡಿಯ ಸೀಟು ನನ್ನ ಸೊಂಟಕ್ಕಿಂತ ಎತ್ತರ. ಮಗಳ ಬಾಗಿಲಲ್ಲಿ ಮಗ ಒಂದು ಕಡೆ, ಅಳಿಯ ಒಂದು ಕಡೆ ಹಿಡಿದು, ಹಮಾಲರು ನೆಲ್ಲಿನ ಚೀಲ ಇಳಿಸಿದಂತೆ ಇಳಿಸಿದರು. ಎದುರು ಮನೆಯ ಕಟ್ಟೆಯ ಮೇಲಿನ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಮಗಳು ಕಾಲಿಗೆ ಆಸರೆಯಾಗಲೆಂದು ಒಳಗಿನಿಂದ ಸ್ಟೂಲು ಹಿಡಿದು ಓಡಿ ಬಂದಳು, ಅಳುತ್ತಲೇ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ತಿರುಗಿ ಊರಿಗೆ ಬಂದ ಮೇಲೆ ಇಷ್ಟೇ ಅಂದೆ: "ಇನ್ನ ನಾ ಎಲ್ಲಿಗೂ ಬರಂಗಿಲ್ಲ. ನನ್ನ ಕಾಲಿನ ಮ್ಯಾಲ ನಾ ಇಳಿಯಾಂಗ ಆದ್ರ ಬರ್ತೀನಿ."

ಎಂಟು ತಿಂಗಳು ಹೊಸ್ತಿಲು ದಾಟಿ ಕಟ್ಟೆಯವರೆಗೆ ಅಷ್ಟೇ.

ಆ ಮಾತು ಹಿಡಿದುಕೊಂಡವಳು ಮೊಮ್ಮಗಳು, ಇದೇ ಮಗನ ಮಗಳು. ಡಿಪ್ಲೊಮಾ ಮುಗಿಸಿ ಇಲ್ಲೇ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾಳೆ. ನಮ್ಮ ಯಜಮಾನರ ಹಳೆಯ ಸಣ್ಣ ಕಾರು ಅವರು ಹೋದಾಗಿನಿಂದ ಬೇವಿನ ಗಿಡದ ಕೆಳಗೆ ತಾಡಪಾಲು ಹೊದ್ದು ನಿಂತಿತ್ತು. ಅದರಡಿ ಕೋಳಿ ಮೊಟ್ಟೆ ಇಡುತ್ತಿತ್ತು. ಅವಳು ದಿನಾ ಸಂಜೆ ಅದರ ಎಂಜಿನ್ ಬಿಚ್ಚಿ ಜೋಡಿಸಿ, ಅಂತೂ ಓಡುವಂತೆ ಮಾಡಿದಳು. ಆಮೇಲೆ ಒಂದು ದಿನ ದಾರ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತಳು.

"ಅಜ್ಜಿ, ಕಟ್ಟಿ ಮ್ಯಾಲ ಕೂಡ್ ಬೇ."

"ಯಾಕ, ಜಂಪರಿಗೆ ಅಳತಿ ತಗೋಂತಿ ಏನು?"

"ಕಾರಿಗೆ ತಗೋಂತೀನಿ. ಸುಮ್ನ ಕೂಡು."

ನಾನು ಯಾರ ಕೈಯೂ ಹಿಡಿಯದೆ ಏಳುವುದು ಆ ಕಟ್ಟೆಯ ಮೇಲಿಂದ ಮಾತ್ರ. ಅದನ್ನು ಅವಳು ಯಾವಾಗಲೋ ನೋಡಿಟ್ಟುಕೊಂಡಿದ್ದಳು. ಕಟ್ಟೆಯ ಎತ್ತರಕ್ಕೆ ದಾರ ಹಿಡಿದು ಗಂಟು ಹಾಕಿದಳು. ಕಾರಿನ ಸೀಟು ಆ ಗಂಟಿಗಿಂತ ನಾಲ್ಕು ಬೆರಳು ಮೇಲಿತ್ತು. ಮುಂದೆ ಗಿಡ್ಡ ಸ್ಪ್ರಿಂಗ್ ಹಾಕಿದಳು, ಹಿಂದಿನ ಪಾಟಾ, ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿ, ಬಿಚ್ಚಿ ಅದರ ಬಾಗು ತಗ್ಗಿಸಿಕೊಂಡು ಬಂದಳು. ಕಾರು ನಾಲ್ಕು ಬೆರಳು ಕೆಳಗೆ ಕುಳಿತಿತು. ಕೋಳಿ ಬಂದು ಒಳಗೆ ತೂರಲು ನೋಡಿತು, ಬೆನ್ನು ತಾಗಿ ಬೈದುಕೊಳ್ಳುತ್ತಾ ಹೋಯಿತು.

ಮಗ ನೋಡಿ, "ಏನಬೇ ಇದು, ಕಪ್ಪಿ ಕುಂತಂಗ ಕುಂತೈತಿ! ನಮ್ಮಪ್ಪನ ಗಾಡಿ ಕೆಡಿಸಿಬಿಟ್ಟಿ" ಅಂದ.

"ನೀ ಅದರಾಗ ಕುಂದರಬ್ಯಾಡಪಾ. ಅದು ನಿನ್ನ ಅಳತಿದಲ್ಲ" ಅಂದಳು.

ನಾನು ಕುಳಿತೆ. ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡೆ. ಮತ್ತೆ ಹೊರಗಿಟ್ಟು, ಬಾಗಿಲು ಹಿಡಿದು ಎದ್ದೆ. ಅವಳು ಚಪ್ಪಾಳೆ ಹೊಡೆದಳು. ಖುಷಿ ಆಗಬೇಕಿತ್ತು. ಆಯಿತೋ ಇಲ್ಲವೋ ತಿಳಿಯಲಿಲ್ಲ.

ಸಂಕ್ರಾಂತಿ ಮುಗಿದ ವಾರ ನಾವಿಬ್ಬರೇ ಲಿಂಗಸುಗೂರಿಗೆ ಹೊರಟೆವು. ಆಗ ನಾನು ಒಂದು ಹಟ ಹಿಡಿದೆ: ಎರಡು ದೊಡ್ಡ ಚೀಲ ಅಕ್ಕಿ ಹಾಕು.

"ಇಷ್ಟು ಭಾರಕ್ಕ ನಾ ಅಳತಿ ಮಾಡಿಲ್ಲ ಬೇ."

"ಸಿಂಧನೂರಾಕಿ ಮಗಳ ಮನಿಗೆ ಅಕ್ಕಿ ಇಲ್ದ ಹೋಗ್ತಾಳೇನು?"

ಒಂದು ಚೀಲ ಡಿಕ್ಕಿಗೆ, ಒಂದು ಹಿಂದಿನ ಸೀಟಿಗೆ ಬಂತು. ಕಾರು ಇನ್ನೂ ಕೆಳಗೆ ಹೋಯಿತು. ಮಸ್ಕಿಯವರೆಗೆ ಪ್ರತಿ ಉಬ್ಬಿಗೂ ಅವಳು ಓರೆಯಾಗಿ ಹತ್ತಿಸಿ ಇಳಿಸಿದಳು, ಹಲ್ಲು ಕಚ್ಚಿಕೊಂಡು. ಸಂತೆಕಲ್ಲೂರಿನ ಹತ್ತಿರ ರಸ್ತೆಯ ಉದ್ದಕ್ಕೂ ಹುರುಳಿ ಹಾಸಿದ್ದರು. ಗಾಡಿ ಹಾಯ್ದು ಕಾಳು ಉದುರಲಿ ಎಂದು ಹಾಸುವುದು ಎಲ್ಲ ಕಡೆ ಇದ್ದದ್ದೇ. ಅವಳು ಬ್ರೇಕು ಒತ್ತಿದಳು. ನಾನೇ, "ಹಾಯಿಸು, ರೈತರಿಗೆ ಅನುಕೂಲ ಆಗ್ಲಿ" ಅಂದೆ.

ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಒಣಗಿದ ಹುರುಳಿ ಹುಲ್ಲೆಲ್ಲ ಕಾರಿನಡಿ ಗಿಡಿದುಕೊಂಡಿತು. ಸುಟ್ಟ ವಾಸನೆ. ಹೊಗೆ.

"ಅಜ್ಜಿ, ಇಳಿ! ಲಗೂ ಇಳಿ!" ಎನ್ನುತ್ತಾ ಅವಳು ಜಿಗಿದು ಕಾರಿನ ಮುಂದೆ ಬೋರಲು ಬಿದ್ದು ಹುಲ್ಲು ಜಗ್ಗತೊಡಗಿದಳು. ನನ್ನನ್ನು ಹಿಡಿಯಲು ಯಾರೂ ಇರಲಿಲ್ಲ. ಬಾಗಿಲು ತೆರೆದೆ, ಕಾಲು ಎತ್ತಿ ಹೊರಗಿಟ್ಟೆ, ಎದ್ದೆ, ನಡೆದೆ. ಹುರುಳಿ ಹಾಸಿದ ಹೆಂಗಸು ಕೊಡ ಹಿಡಿದು ಓಡಿ ಬಂದು ನೀರು ಸುರುವಿದಳು. ಹೊಗೆ ನಿಂತಿತು.

"ಇದೇನ್ ಕಾರೋ, ಕಸಬರಿಗಿಯೋ? ನನ್ನ ರಾಶಿನೆಲ್ಲ ಬಳಕೊಂಡು ಬಂದೀರಲ್ಲ!" ಎಂದು ಮೊಮ್ಮಗಳಿಗೆ ಬೈದು, ನನ್ನ ಕಡೆ ತಿರುಗಿ, "ಯಮ್ಮಾ, ನಿನ್ನ ಎಡಗಾಲ ಚಪ್ಪಲಿ ಕಾರಾಗ ಐತಿ" ಅಂದಳು.

ನೋಡಿಕೊಂಡೆ. ಹೌದು. ಬರಿಗಾಲಲ್ಲಿ ಹೊಲದ ಬದುವಿನವರೆಗೆ ಬಂದಿದ್ದೆ.

ಹುಲ್ಲೆಲ್ಲ ಕಿತ್ತ ಮೇಲೂ ಕಾರು ಮುಂದಿನ ರಾಶಿ ದಾಟುವಂತಿರಲಿಲ್ಲ. ಹಿಂದೆ ಒಂದು ಆಟೋ ಬಂದು ನಿಂತಿತ್ತು, ಅದರಲ್ಲಿ ಒಬ್ಬರು ಕೂಡುವಷ್ಟೇ ಜಾಗ, ಚೀಲಕ್ಕೆ ಇರಲಿಲ್ಲ. ಆ ಹೆಂಗಸು, "ಭಾರ ಇಳಸ್ರಿ. ಯಮ್ಮನ್ನ ಎತ್ತಿ ಆಟೋದಾಗ ಕುಂದರಸ್ರಿ, ಅಕ್ಕಿ ಕಾರಾಗ ಹೋಗ್ಲಿ" ಅಂದಳು.

ಆಟೋದ ಸೀಟು ನನ್ನ ಕಟ್ಟೆಗಿಂತ ಎತ್ತರ. ಎತ್ತಿ ಕುಂದರಿಸುವುದು. ಮತ್ತೆ ಮಗಳ ಬಾಗಿಲಲ್ಲಿ ಎತ್ತಿ ಇಳಿಸುವುದು.

"ಅಕ್ಕಿ ಇಳಸು" ಅಂದೆ ಮೊಮ್ಮಗಳಿಗೆ.

"ಬರಿಗೈಲೆ ಹೋಗ್ತಿ ಏನಜ್ಜಿ?"

"ಹೋಗ್ತೀನಿ." ಆ ಹೆಂಗಸಿಗೆ, "ನಿನ್ನ ರಾಶಿ ಕೆಡಿಸೀವಿ, ಅಕ್ಕಿ ನೀ ಇಟ್ಕೊ" ಅಂದೆ. ಅವಳು ಬೇಡ ಬೇಡ ಎಂದು, ಕಡೆಗೆ ಎರಡು ಬೊಗಸೆ ಹುರುಳಿ ತಂದು ನನ್ನ ಸೆರಗಿಗೆ ಗಂಟು ಕಟ್ಟಿದಳು. "ಮಗಳ ಮನಿಗೆ ಬರಿಗೈಲೆ ಹೋಗಬಾರದು."

ಲಿಂಗಸುಗೂರಿನಲ್ಲಿ ಕಾರು ನಿಂತಾಗ ಮಗಳು ನಮ್ಮನ್ನು ನೋಡಿ ಒಳಗೆ ಓಡಿದಳು. ಸ್ಟೂಲು ತರಲು ಎಂದು ನನಗೆ ಗೊತ್ತು. ಎದುರು ಕಟ್ಟೆಯ ಮಾತು ನಿಂತಿತು. ಮೊಮ್ಮಗಳು ಮುಖಕ್ಕೆಲ್ಲ ಮಸಿ ಬಳಿದುಕೊಂಡು ಸ್ಟಿಯರಿಂಗ್ ಬಿಡದೆ ಕುಳಿತಿದ್ದಳು, ನನ್ನನ್ನು ಮುಟ್ಟಲಿಲ್ಲ. ನಾನು ಕಾಲು ಎತ್ತಿಟ್ಟೆ. ಎದ್ದೆ.

ಮಗಳು ಸ್ಟೂಲು ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು.

"ಅದರ ಮ್ಯಾಲ ನೀನ ಕೂಡು ಬೇ" ಅಂದೆ. "ನಾ ನಿಂತೀನಿ."

ಆಗ ಬಂತು ನೋಡಿ. ಎಂಟು ತಿಂಗಳದ್ದು ಒಮ್ಮೆಲೇ. ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯದು, ಎದೆಯಲ್ಲೆಲ್ಲ ಜೋಮು ಬಿಟ್ಟಂತೆ ಜುಮ್ಮೆನ್ನುತ್ತಿತ್ತು. ಸೆರಗಿನ ಗಂಟು ಬಿಚ್ಚಲು ಹೋಗಿ ಹುರುಳಿಯೆಲ್ಲ ಬಾಗಿಲ ತುಂಬ ಚೆಲ್ಲಿದೆ.

ಕಾಲಿಗೆ ಇನ್ನೂ ಏನೂ ಗೊತ್ತಾಗುವುದಿಲ್ಲ. ಊರಿಗೆ ಬಂದ ಮೇಲೆ ಮೊಮ್ಮಗಳು, "ಅಜ್ಜಿ, ಒಂದು ಬೆರಳು ಏರಸ್ತೀನಿ, ಹುರುಳಿ ಬಡಿಯಾಂಗಿಲ್ಲ" ಅಂದಳು.

"ಮುಟ್ಟಿದ್ರ ನೋಡು" ಅಂದೆ. "ಹುರುಳಿ ಇದ್ದಲ್ಲಿ ನಾ ಇಳಿದು ನಡೀತೀನಿ."