ಬುರುಜು ಹತ್ತುವ ಮಾತು

ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಸೂಜಿಯಕ್ಕ ಎಂದು. ಬಟ್ಟೆ ಹೊಲಿಯುವವಳೇನಲ್ಲ, ಅವಳು ಹೊಲಿಯುವುದು ಟೆಂಟು. ಹೊಳೆದಂಡೆಯ ಹಳೇ ಕೋಟೆಯನ್ನು ಸರ್ಕಾರ ಉದ್ಯಾನವನ ಮಾಡಿ, ಕಾಡುದಾರಿ ಬಿಡಿಸಿ, ರಾತ್ರಿ ಉಳಿಯುವವರಿಗೆ ಟೆಂಟು ಬಾಡಿಗೆಗೆ ಕೊಡಲು ಶುರುಮಾಡಿದಾಗಿನಿಂದ ಹರಿದದ್ದೆಲ್ಲ ಅವಳ ಮನೆಗೇ ಬರುತ್ತಿತ್ತು. ನಡುಮನೆಯ ತುಂಬ ಟೆಂಟು. "ಈ ಮನೇಲಿ ನನಗೂ ಒಂದು ಜಾಗ ಇದ್ಯಾ, ಇಲ್ಲಾ ಬಾಡಿಗೆಗೆ ತಗೋಬೇಕಾ?" ಎಂದು ಗಂಡ ಗೊಣಗುತ್ತಲೇ ಇದ್ದ. ಪಾಪ, ಅವನೂ ಹೋದ. ಟೆಂಟುಗಳು ಮಾತ್ರ ಬರುತ್ತಲೇ ಇದ್ದವು.

ಇಷ್ಟು ಟೆಂಟು ಹೊಲಿದವಳು ಒಂದು ದಿನವೂ ಆ ಕೋಟೆಯ ಬುರುಜು ಹತ್ತಿರಲಿಲ್ಲ ಅಂದರೆ ನೀವು ನಂಬುವುದಿಲ್ಲ. ಕಾರಣ, ತಂಗಿ. ಅಕ್ಕತಂಗಿಯರ ತವರುಮನೆ ಇದ್ದದ್ದು ಹೊಳೆಯ ಆಚೆ ದಡದಲ್ಲಿ. ಹಿತ್ತಿಲ ಬಾಗಿಲು ತೆರೆದರೆ ಎದುರಿಗೇ ಬುರುಜು. ಹೆಣ್ಣುಮಕ್ಕಳಿಗೆ ಅಲ್ಲೇನು ಕೆಲಸ ಎಂದು ಅಪ್ಪ ಬಿಡುತ್ತಿರಲಿಲ್ಲ. ಅಲ್ಲಿಂದ ನಮ್ಮ ಮನೆ ಹೇಗೆ ಕಾಣುತ್ತದೋ ಒಂದು ದಿನ ನೋಡೇಬಿಡೋಣ, ನೋಡಿದರೆ ಇಬ್ಬರೂ ಒಟ್ಟಿಗೇ ಎಂದು ಮಾತು ಕೊಟ್ಟುಕೊಂಡಿದ್ದರು. ಮಕ್ಕಳಾಟದ ಮಾತು, ಒಪ್ಪಿದೆ. ಆದರೆ ಸೂಜಿಯಕ್ಕನಿಗೆ ಮಾತು ಅಂದರೆ ಮಾತೇ. ಗಂಡ ಕರೆದಾಗ ಹೋಗಲಿಲ್ಲ, ಮಗ ಕರೆದಾಗಲೂ ಹೋಗಲಿಲ್ಲ. "ತಂಗಿ ಬರಲಿ" ಎನ್ನುವುದೊಂದೇ. ತಂಗಿಗೋ ಒಮ್ಮೆ ಬಾಣಂತನ, ಒಮ್ಮೆ ಆಫೀಸು, ಇನ್ನೊಮ್ಮೆ ಅತ್ತೆಗೆ ಹುಷಾರಿಲ್ಲ. ಅಷ್ಟರಲ್ಲಿ ಅಕ್ಕನ ಮಂಡಿ ಸವೆಯತೊಡಗಿತ್ತು. ಈ ವರ್ಷ ಕೇಳಿದರೆ ತಂಗಿ, "ಸೊಂಟ ಹಿಡ್ಕೊಂಡಿದೆ ಕಣೇ ಅಕ್ಕ, ಮಳೆಗಾಲ ಕಳೀಲಿ" ಎಂದಳು. ಅಕ್ಕ ಅಷ್ಟಕ್ಕೆ ಸುಮ್ಮನಾಗದೆ ನೋವಿನ ಎಣ್ಣೆ ಬೇರೆ ಕಳಿಸಿದಳು.

ಸ್ವಲ್ಪ ದಿನ ಕಳೆದು ಬಂದ ಗಂಟಿನಲ್ಲಿ ಒಂದು ಹಸಿರು ಟೆಂಟು ಇತ್ತು. ಮೂಲೆ ಹರಿದಿತ್ತು. ಯಾರೋ ಅಲ್ಲೇ ಕೂತು ಕೈಯಲ್ಲಿ ಹೊಲಿದಿದ್ದರು. ಎರಡು ಎಳೆ ಮುಂದೆ ಹೋಗಿ ಒಂದು ಎಳೆ ಹಿಂದೆ ಬರುವ ಹೊಲಿಗೆ. ಅದು ಸೂಜಿಯಕ್ಕನದೇ ಹೊಲಿಗೆ, ಒಬ್ಬಳಿಗೆ ಮಾತ್ರ ಕಲಿಸಿದ್ದು. ಮೇಲಾಗಿ ಎಳೆಗಳೆಲ್ಲ ಎಡಗೈಯವರು ಹೊಲಿದ ಹಾಗೆ ತಿರುಗಾಮುರುಗಾ ವಾಲಿದ್ದವು. ತಂಗಿ ಎಡಚಿ.

ಸೂಜಿಯಕ್ಕನ ಕೈ ನಿಂತೇ ಹೋಯಿತು. ಗಂಟು ಇಳಿಸುತ್ತಿದ್ದ ಉದ್ಯಾನವನದ ಗಾಡಿಯವನನ್ನು ಕೇಳಿದಳು, "ಈ ಟೆಂಟು ಯಾರಿಗೆ ಕೊಟ್ಟಿದ್ರಿ?"

"ನಿಮ್ಮ ತಂಗಿ ಆಫೀಸ್ನೋರ ಜೊತೆ ಬಂದಿದ್ರಲ್ಲ, ಅವ್ರಿಗೇ. ಬುರುಜಿನ ಹತ್ರಾನೇ ಹಾಕ್ಕೊಂಡಿದ್ರು. ಯಾಕೆ, ನಿಮಗೆ ಹೇಳ್ಲಿಲ್ವಾ?"

"ಹೇಳಿದ್ಲು, ಹೇಳಿದ್ಲು. ಮರ್ತೇಬಿಟ್ಟಿದ್ದೆ."

ತಂಗಿಯ ಮಾನ ಕಾಯಲು ತಾನು ಸುಳ್ಳು ಹೇಳಬೇಕಾಯಿತಲ್ಲ ಎಂದು ಸೂಜಿಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹೋಗಿದ್ದಕ್ಕಲ್ಲ. ಹೋಗುವವಳು ಒಂದು ಮಾತು ಹೇಳಿ ಹೋಗಬಹುದಿತ್ತು. ಪಾಪದ ಸೊಂಟವನ್ನು ಯಾಕೆ ನಡುವೆ ಎಳೆದು ತರಬೇಕಿತ್ತು?

ತಾನಾಗಿ ಕೇಳಬಾರದು, ಅವಳೇ ಹೇಳಲಿ ಎಂದು ಹಟ ಹಿಡಿದಳು. ತಂಗಿ ಬಂದಳು, ಟೀ ಕುಡಿದಳು, ಊರ ಮೇಲಿನ ಸುದ್ದಿಯೆಲ್ಲ ಹೇಳಿದಳು, ಅದೊಂದನ್ನು ಬಿಟ್ಟು. ಮಳೆ ನಿಂತ ಮೇಲೆ ಅವಳೇ, "ಬರೋ ಭಾನುವಾರ ಹೋಗೇಬಿಡೋಣ ಅಕ್ಕ" ಎಂದಳು. ಸೂಜಿಯಕ್ಕನ ಮನಸ್ಸು ಕರಗಿತು. ದಾರಿಯಲ್ಲಿ ಹೇಳಿಯೇ ಹೇಳುತ್ತಾಳೆ ಎಂದುಕೊಂಡಳು.

ಹೊಳೆಯ ಪಕ್ಕದಲ್ಲೇ ನಡೆದರು. ದಾರಿ ಎರಡಾಗುವಲ್ಲಿ ಫಲಕ ಬಿದ್ದುಹೋಗಿತ್ತು. ತಂಗಿ ತಡವರಿಸದೆ ಬಲಕ್ಕೆ ತಿರುಗಿದಳು.

"ನಿಂಗೆ ಹೇಗೆ ಗೊತ್ತು?"

"ಸುಮ್ನೆ, ಅಂದಾಜು."

ಸೂಜಿಯಕ್ಕ ಇನ್ನೊಂದು ಅವಕಾಶ ಕೊಟ್ಟಳು. "ಸೊಂಟ ಹೇಗಿದೆ?"

"ನಿನ್ನ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು, ಎಲ್ಲಿ ಹೋಯ್ತೋ ನೋವು."

ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಭಲೇ ಹುಡುಗಿ!

ಬುರುಜಿನ ಮೆಟ್ಟಿಲ ಬುಡಕ್ಕೆ ಬಂದಾಗ ತಂಗಿ ನಿಂತು ಕೈ ಚಾಚಿದಳು. "ಕಣ್ಣು ಮುಚ್ಕೋ ಅಕ್ಕ. ನಿಧಾನಕ್ಕೆ ಹತ್ತಿ, ಮೇಲೆ ಹೋದ್ಮೇಲೆ ಇಬ್ರೂ ಒಟ್ಟಿಗೇ ತೆಗೆಯೋಣ. ಅವತ್ತು ಹೇಳ್ಕೊಂಡಿದ್ವಲ್ಲ." ಅವಳ ಕಣ್ಣಲ್ಲಿ ನೀರು ತುಂಬಿತ್ತು. ಸುಳ್ಳನ್ನಾದರೂ ಸೂಜಿಯಕ್ಕ ಹೇಗೋ ನುಂಗಿಕೊಳ್ಳುತ್ತಿದ್ದಳು, ಆ ನೀರನ್ನು ಮಾತ್ರ ಅವಳಿಂದ ಸಹಿಸಲಾಗಲಿಲ್ಲ.

"ನೀನು ಇಲ್ಲೇ ಕೂತಿರು. ನಾನು ಹೋಗಿ ಬರ್ತೀನಿ."

"ಒಬ್ಬಳೇನಾ? ಆ ಮಂಡಿ ಇಟ್ಕೊಂಡು?"

"ಒಬ್ಬಳೇ."

ಗೋಡೆ ಹಿಡಿದು, ಕೂತು ಎದ್ದು, ಅಂತೂ ಹತ್ತಿದಳು. ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಹೊಳೆ, ಆಚೆ ದಡ, ಮರಗಳ ಸಂದಿಯಲ್ಲಿ ತವರಿನ ಹಿತ್ತಿಲ ಬಾಗಿಲು. ಇಷ್ಟೇ ಇಷ್ಟು ಕಾಣುತ್ತಿತ್ತು. ಇದನ್ನು ನೋಡಿದ ಕೂಡಲೇ ತಂಗಿಗೆ ಹೇಳಬೇಕೆಂದು ವರ್ಷಗಟ್ಟಲೆ ಕೂಡಿಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅಳು ಬಂತು, ಅತ್ತಳು.

"ಅಕ್ಕಾ," ಕೆಳಗಿನಿಂದ ತಂಗಿ ಕೂಗಿದಳು, "ನಮ್ಮನೆ ಕಾಣ್ತಿದ್ಯಾ?"

"ನೀನು ಬಂದಾಗ ಕಂಡಿತ್ತಾ?"



"ಕಂಡಿತ್ತು," ಎಂದಳು ತಂಗಿ.